ವಿಮಾನ ದಾಳಿಯೂ ನಮ್ಮ ಕರಾವಳಿಯ ಸ್ತ್ರೀಯರೂ

ಯುದ್ಧವೆಂದರೆ ದೂರದ ಗಡಿಯಲ್ಲಿ ನಡೆಯತಕ್ಕ ಕಾರ್ಯ, ಅದೂ ಗಂಡಸರ ಕಾರ್ಯ ಎಂಬ ಭಾವನೆಯು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ವಿಮಾನವು ಯುದ್ಧಕ್ಕಿಳಿದ ದಿನವೇ ಈ ಭಾವನೆಯು ಸುಳ್ಳಾಯಿತು. ಆಕಾಶದಿಂದ ಬೀಳುವ ಬಾಂಬಿಗೆ ಗಡಿಯೆಂಬುದಿಲ್ಲ. ಅದು ದಂಡಿನ ಪಾಳೆಯವನ್ನೂ ಬಡವನ ಅಡಿಗೆಮನೆಯನ್ನೂ ಸಮನಾಗಿಯೇ ಕಾಣುತ್ತದೆ. ಆದುದರಿಂದ ವಾಯುರಕ್ಷಣೆಯಲ್ಲಿ ಅರ್ಧ ಕೆಲಸ ಸೈನ್ಯದ್ದಾದರೆ ಉಳಿದರ್ಧ ಮನೆಮನೆಯದು. ಆ ಉಳಿದರ್ಧವನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ನಮ್ಮ ಮೂರು ತಾಲೂಕುಗಳಲ್ಲಿ ಯಾರು ಮಾಡತಕ್ಕವರು? ಈ ಪ್ರಶ್ನೆಯನ್ನು ಅಧಿಕಾರಿಗಳ ಮತ್ತು ಮಹಾಜನರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

೨೦೨೫ನೆಯ ಮೇ ೭ರಂದು ದೇಶದ ೨೪೪ ಜಿಲ್ಲೆಗಳಲ್ಲಿ ನಾಗರಿಕ ರಕ್ಷಣೆಯ ಕವಾಯತು ನಡೆಯಬೇಕೆಂದು ಕೇಂದ್ರ ಸರಕಾರವು ಆಜ್ಞಾಪಿಸಿತು. ಅದೇ ದಿನ ಬೆಳಗಾಗುವ ಮೊದಲೇ ನಮ್ಮ ಸೇನೆಯ ಕಾರ್ಯಾಚರಣೆಯು ಆರಂಭವಾಗಿ, ೧೦ನೆಯ ತಾರೀಕಿನವರೆಗೆ ಪಶ್ಚಿಮದ ಗಡಿಯ ಊರುಗಳು ದೀಪವಾರಿಸಿ ಕುಳಿತವು. ಕವಾಯತಿಗಾಗಿ ಕರ್ನಾಟಕದಿಂದ ಹೆಸರಿಸಲ್ಪಟ್ಟ ಸ್ಥಳಗಳು ಮೂರು: ಬೆಂಗಳೂರು, ಕಾರವಾರ, ರಾಯಚೂರು. ರಾಜಧಾನಿ, ನೌಕಾನೆಲೆ, ವಿದ್ಯುತ್ತಿನ ಕಾರ್ಖಾನೆ, ಇವುಗಳನ್ನು ಆರಿಸಿದುದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾರವಾರದ ಕಡಲೇ ಶಿರೂರು, ಗಂಗೊಳ್ಳಿ, ಹಂಗಾರಕಟ್ಟೆಗಳ ಕಡಲು. ಇಂದಿನ ಡ್ರೋನು ಹಾರಲು ದೊಡ್ಡ ವಿಮಾನ ನಿಲ್ದಾಣವೂ ಬೇಕಿಲ್ಲ. ಹಡಗಿನ ಅಟ್ಟದಿಂದಲೇ ಅದು ಏಳಬಲ್ಲುದು. ಕಾರವಾರಕ್ಕೆ ಎಚ್ಚರಿಕೆ ಬೇಕಾದರೆ ಅದರ ತೆಂಕಣ ಮಗ್ಗುಲಿಗೆ ಬೇಡವೆನ್ನುವುದು ಹೇಗೆ?

"ನಮ್ಮೂರಿಗೆ ಯಾರು ಬಂದು ಬಾಂಬು ಹಾಕುತ್ತಾರೆ?" ಎಂದು ನಗುವವರಿದ್ದಾರೆ. ೧೯೪೨ರ ಮಾರ್ಚಿನಲ್ಲಿ ಮೂಡಣ ಕರಾವಳಿಯಲ್ಲಿಯೂ ಹೀಗೆಯೇ ನಕ್ಕವರಿದ್ದಿರಬೇಕು. ಎಪ್ರಿಲ್ ೫ರಂದು ಕೊಲಂಬೋ ನಗರದ ಮೇಲೆ, ೬ರಂದು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ, ೯ರಂದು ತ್ರಿಕೋಣಮಲೆಯ ಮೇಲೆ ಜಪಾನೀಯರ ಬಾಂಬುಗಳು ಬಿದ್ದವು. ಮದರಾಸಿನಲ್ಲಿ ಬಾಂಬು ಬೀಳುವುದಕ್ಕೆ ಮೊದಲೇ ಭಯವು ಬಿದ್ದಿತು. ಜನರು ಲಕ್ಷಗಟ್ಟಲೆಯಾಗಿ ಪಟ್ಟಣವನ್ನು ಬಿಟ್ಟರು, ಸರಕಾರದ ಕಛೇರಿಗಳೇ ಒಳನಾಡಿಗೆ ಸಾಗಿದವು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯು ಅಂದು ಆ ಮದರಾಸು ಪ್ರಾಂತಕ್ಕೇ ಸೇರಿದ್ದಿತು. ಪಡುಗಡಲು ಶಾಂತವೆಂದು ನಂಬುವವರು ೧೯೪೩ರ ಮಾರ್ಚಿನಲ್ಲಿ ಮರ್ಮಗೋವೆಯ ಬಂದರಿನಲ್ಲಿ ಜರ್ಮನ್ ಹಡಗಿನ ಮೇಲೆ ನಡೆದ ದಾಳಿಯನ್ನೂ, ೧೯೭೧ನೆಯ ದಶಂಬರ ೯ರಂದು ದೀವಿನ ಸಮೀಪದಲ್ಲಿ ಮುಳುಗಿದ ನಮ್ಮ 'ಖುಕ್ರಿ' ನೌಕೆಯನ್ನೂ ನೆನೆಯಲಿ. ಅಪಾಯವು ಬಂದೇ ಬರುವುದೆಂದು ನಾವು ಹೆದರಿಸುತ್ತಿಲ್ಲ. ಮದರಾಸನ್ನು ಬರಿದು ಮಾಡಿದುದು ಬಾಂಬಲ್ಲ, ಏನು ಮಾಡಬೇಕೆಂದು ತಿಳಿಯದ ಕಳವಳ ಎಂಬುದನ್ನು ಮಾತ್ರ ತೋರಿಸುತ್ತಿದ್ದೇವೆ.

ಈಗ ನಮ್ಮ ಪ್ರಾಂತದ ಸ್ಥಿತಿಯನ್ನು ನೋಡೋಣ. ಇಲ್ಲಿಯ ಗಂಡಸರಲ್ಲಿ ಅನೇಕರು ಹೋಟೆಲಿನ ಉದ್ಯೋಗ ಹಿಡಿದು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಇರುತ್ತಾರೆ. ಕೆಲವರು ಕೊಲ್ಲಿಯ ದೇಶಗಳಲ್ಲಿದ್ದಾರೆ. ಆಳಸಮುದ್ರಕ್ಕೆ ಇಳಿದ ಮೀನುಗಾರರು ದಿನಗಟ್ಟಲೆ ದಡಕ್ಕೆ ಬರುವುದಿಲ್ಲ. ಸೈರನ್ನು ಕೂಗಿದ ಗಳಿಗೆಯಲ್ಲಿ ಮನೆಯಲ್ಲಿರುವವರು ಯಾರು? ಬೀಡಿ ಸುತ್ತುವ ತಾಯಿ, ಗೇರುಬೀಜದ ಕಾರ್ಖಾನೆಯಿಂದ ಬಂದ ಮಗಳು, ಮೀನು ಮಾರಿ ಬುಟ್ಟಿ ಇಳಿಸಿದ ಅತ್ತೆ, ಮತ್ತು ಅವರು ನೋಡಿಕೊಳ್ಳಬೇಕಾದ ಮುದುಕರು, ಮಕ್ಕಳು. ನಮ್ಮ ಮನೆಗಳು ಬಯಲುಸೀಮೆಯ ಊರುಗಳಂತೆ ಒಟ್ಟಾಗಿಲ್ಲ. ಗದ್ದೆಗೊಂದು, ತೋಟಕ್ಕೊಂದು, ಹೊಳೆಯ ನಡುವಿನ ಕುದ್ರುವಿಗೊಂದು ಎಂಬಂತೆ ಹರಡಿಕೊಂಡಿವೆ. ಪೇಟೆಯ ಸೈರನ್ನು ಅಲ್ಲಿಗೆ ಕೇಳಿಸುವುದೆಂಬ ಭರವಸೆಯಿಲ್ಲ. ಮರವಂತೆಯಲ್ಲಂತೂ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ, ನಡುವಿನ ಕಿರುದಾರಿಯಲ್ಲಿ ರಾಷ್ಟ್ರೀಯ ಹೆದ್ದಾರಿ. ಆ ದಾರಿಯಾಗಲಿ, ನಮ್ಮ ಹೊಳೆಗಳ ಸೇತುವೆಗಳಲ್ಲೊಂದಾಗಲಿ ಮುರಿದರೆ ಹೊರಗಿನ ಸಹಾಯವು ಗಂಟೆಗಟ್ಟಲೆ ಬಾರದು. ಅಲ್ಲಿಯವರೆಗೆ ನೆರೆಮನೆಯೇ ಆಸ್ಪತ್ರೆ, ನೆರೆಮನೆಯೇ ಅಗ್ನಿಶಾಮಕ ದಳ. ಆ ನೆರೆಮನೆಯ ಬಾಗಿಲಲ್ಲಿ ನಿಂತಿರುವವಳು ಸ್ತ್ರೀ. ಈ ಸೀಮೆಯ ವಾಯುರಕ್ಷಣೆಯು ಸ್ತ್ರೀಯರ ಕೈಗೆ ಬರಬೇಕೋ ಬೇಡವೋ ಎಂದು ಚರ್ಚಿಸುವುದು ವ್ಯರ್ಥ. ಅದು ಆಗಲೇ ಅವರ ಕೈಯಲ್ಲಿದೆ. ಶಿಕ್ಷಣವೂ ಅಧಿಕಾರವೂ ಮಾತ್ರ ಅವರ ಕೈಗೆ ಬಂದಿಲ್ಲ.

ಇತರ ದೇಶಗಳು ಈ ಪಾಠವನ್ನು ಹೇಗೆ ಕಲಿತವೆಂಬುದನ್ನು ತಿಳಿಯುವುದು ಲೇಸು. ಇಂಗ್ಲೆಂಡಿನಲ್ಲಿ ೧೯೩೮ರಲ್ಲಿಯೇ, ಯುದ್ಧಕ್ಕೆ ಒಂದು ವರ್ಷ ಮೊದಲು, ವಿಮಾನ ದಾಳಿಯ ಮುಂಜಾಗ್ರತೆಗಾಗಿ ಸ್ತ್ರೀಯರ ಸ್ವಯಂಸೇವಾ ಸಂಸ್ಥೆಯು ಸ್ಥಾಪಿತವಾಯಿತು. ಬೀದಿ ಕಾಯುವ ವಾರ್ಡನರಲ್ಲಿ ಸುಮಾರು ಆರರಲ್ಲೊಬ್ಬರು ಸ್ತ್ರೀಯರಾಗಿದ್ದರು. ಯಾವ ಮನೆಯಲ್ಲಿ ಎಷ್ಟು ಜನ, ಯಾರು ಎಲ್ಲಿ ಮಲಗುತ್ತಾರೆ, ನಡೆಯಲಾರದ ರೋಗಿ ಯಾವ ಕೋಣೆಯಲ್ಲಿ, ಇವುಗಳನ್ನು ತಿಳಿದಿರುವುದೇ ವಾರ್ಡನರ ಮುಖ್ಯ ವಿದ್ಯೆ. ಮನೆ ಕುಸಿದಾಗ ಎಲ್ಲಿ ಅಗೆಯಬೇಕೆಂದು ಹೇಳುವವರು ಅವರೇ. ೧೯೪೧ರಿಂದ ವಿಮಾನಗಳನ್ನು ಕಣ್ಣಿನಿಂದಲೂ ಸದ್ದಿನಿಂದಲೂ ಗುರುತಿಸುವ ವೀಕ್ಷಕ ದಳಕ್ಕೂ ಸ್ತ್ರೀಯರು ಸೇರಿದರು. ವಿಮಾನನಾಶಕ ತೋಪುಗಳ ಬಳಿಯಲ್ಲಿ ನಿಂತು ಶತ್ರು ವಿಮಾನದ ದೂರವನ್ನೂ ಎತ್ತರವನ್ನೂ ಅಳೆದರು. ಆದರೆ ತೋಪನ್ನು ಹಾರಿಸುವ ಅಧಿಕಾರವನ್ನು ಮಾತ್ರ ಅವರಿಗೆ ಕೊಡಲಿಲ್ಲ. ಇನ್ನೊಂದು ವಿಷಯವು ಇದಕ್ಕಿಂತಲೂ ಸೋಜಿಗದ್ದು. ೧೯೩೯ರಲ್ಲಿ ಮಾಡಿದ ಪರಿಹಾರದ ಯೋಜನೆಯಲ್ಲಿ, ಒಂದೇ ಬಾಂಬಿನಿಂದ ಗಾಯಗೊಂಡ ಗಂಡಸಿಗೆ ಹೆಚ್ಚು ಹಣ, ಹೆಂಗಸಿಗೆ ಕಡಿಮೆ. ಸ್ತ್ರೀಯರು ಪಾರ್ಲಿಮೆಂಟಿನ ಒಳಗೂ ಹೊರಗೂ ಹೋರಾಡಿದ ಮೇಲೆ ೧೯೪೩ರಲ್ಲಿ ಇಬ್ಬರ ನೋವಿಗೂ ಒಂದೇ ಬೆಲೆಯೆಂದು ಒಪ್ಪಬೇಕಾಯಿತು.

ನಮ್ಮ ದೇಶದಲ್ಲಿ ಅಂದಿನ ಪರಿಸ್ಥಿತಿಯು ಬೇರೆಯಾಗಿತ್ತು. ೧೯೩೯ರಲ್ಲಿ ಪರಕೀಯ ಸರಕಾರವು ನಮ್ಮನ್ನು ಕೇಳದೆಯೇ ನಮ್ಮನ್ನು ಯುದ್ಧಕ್ಕೆಳೆಯಿತು. ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯಿತ್ತವು. ಆ ಸರಕಾರದ ಎ. ಆರ್. ಪಿ. ದಳಕ್ಕೆ ಸೇರುವುದೆಂತು, ಸೇರದೆ ಜನರನ್ನು ಕಾಪಾಡುವುದೆಂತು ಎಂಬ ಧರ್ಮಸಂಕಟವು ರಾಷ್ಟ್ರೀಯರಿಗೆ ಒದಗಿತು. ಧೈರ್ಯಗೆಡದೆ ಜನರೇ ತಮ್ಮ ರಕ್ಷಣೆಯನ್ನು ಮಾಡಿಕೊಳ್ಳಬೇಕೆಂದು ಕಾಂಗ್ರೆಸ್ಸು ಬೋಧಿಸಿತು. ಸ್ತ್ರೀಯರನ್ನು ಕವಾಯತಿಗೆ ನಿಲ್ಲಿಸುವ ಕಾರ್ಯವೂ ನಮಗೆ ಹೊಸದಾಗಿರಲಿಲ್ಲ. ಹುಬ್ಬಳ್ಳಿಯ ಡಾ. ಹರ್ಡೀಕರರು ಕಟ್ಟಿದ ಹಿಂದುಸ್ಥಾನೀ ಸೇವಾದಲದಲ್ಲಿ ಸ್ವಯಂಸೇವಕಿಯರನ್ನು ತಯಾರಿಸುವ ಭಾರವನ್ನು ಹೊತ್ತವರು ಮಂಗಳೂರಿನಲ್ಲಿ ಜನಿಸಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು. ಅತ್ತ ಸರಕಾರವು ೧೯೪೨ರಲ್ಲಿ ಸ್ತ್ರೀಯರ ಸಹಾಯಕ ದಳವನ್ನು ಸ್ಥಾಪಿಸಿ ಕಛೇರಿ, ಟೆಲಿಫೋನು ಮೊದಲಾದ ಕೆಲಸಗಳಲ್ಲಿ ಸಾವಿರಾರು ಸ್ತ್ರೀಯರನ್ನು ತೊಡಗಿಸಿತು. ಯುದ್ಧ ಮುಗಿದ ಮೇಲೆ ಅದನ್ನು ವಿಸರ್ಜಿಸಿಬಿಟ್ಟಿತು. ವೈದ್ಯಕೀಯ ಮತ್ತು ಶುಶ್ರೂಷೆಯ ಶಾಖೆಗಳ ಹೊರತು ಭೂಸೇನೆಯ ಅಧಿಕಾರಿವರ್ಗದ ಬಾಗಿಲು ಸ್ತ್ರೀಯರಿಗೆ ಮತ್ತೆ ತೆರೆದುದು ೧೯೯೨ರಲ್ಲಿ. ಬೇಕಾದಾಗ ಕರೆಯುವುದು, ತೀರಿದ ಮೇಲೆ ಮರೆಯುವುದು: ಪರಕೀಯರು ಹೋದರೂ ಈ ಪದ್ಧತಿಯು ಹೋಗಲಿಲ್ಲ.

ಇದಕ್ಕೆ ಕಚ್ಛದ ಮಾಧಾಪರವೇ ಸಾಕ್ಷಿ. ೧೯೭೧ರ ದಶಂಬರದಲ್ಲಿ ಪಾಕಿಸ್ತಾನದ ಬಾಂಬುಗಳಿಂದ ಭುಜದ ವಿಮಾನಪಥವು ಹೊಂಡಬಿದ್ದಾಗ ಅದನ್ನು ಸರಿಪಡಿಸಲು ಬೇಕಾದಷ್ಟು ಕೆಲಸಗಾರರು ದೊರೆಯಲಿಲ್ಲ. ಆಗ ಸುಮಾರು ೩೦೦ ಮಂದಿ ಹಳ್ಳಿಯ ಹೆಂಗಸರು ಮುಂದೆ ಬಂದರು. ಮೇಲಿನಿಂದ ಗುರುತು ಹತ್ತದಂತೆ ಹಸಿರು ಸೀರೆಯುಟ್ಟು, ಸೈರನ್ನು ಕೂಗಿದಾಗ ಅವಿತು, ನಿಂತೊಡನೆ ಮತ್ತೆ ಕಲ್ಲುಮಣ್ಣು ಹೊತ್ತು, ೭೨ ಗಂಟೆಗಳಲ್ಲಿ ವಿಮಾನವು ಏಳುವಂತೆ ಮಾಡಿದರು. ಗಂಡಸರನ್ನು ಪರದೇಶಗಳಿಗೆ ಕಳಿಸುವುದರಲ್ಲಿ ಆ ಊರಿಗೂ ನಮ್ಮ ಊರುಗಳಿಗೂ ಹೋಲಿಕೆಯುಂಟು. ಆ ಸ್ತ್ರೀಯರ ಶೌರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಅವರಿಗೆ ಮುಂಚಿತವಾಗಿ ಯಾರಾದರೂ ಶಿಕ್ಷಣ ಕೊಟ್ಟಿದ್ದರೇ? ಯಾವ ದಳದ ಪಟ್ಟಿಯಲ್ಲಾದರೂ ಅವರ ಹೆಸರಿತ್ತೇ? ಅವರ ಸ್ಮಾರಕವು ಎದ್ದುದು ೨೦೧೫ರಲ್ಲಿ. ಅಷ್ಟರಲ್ಲಿ ನಾಲ್ವತ್ತಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು.

ಪಟ್ಟಿಯಲ್ಲಿ ಹೆಸರಿರುವುದು ಬರಿಯ ಗೌರವದ ಮಾತೆಂದು ಯಾರೂ ತಿಳಿಯಕೂಡದು. ಚೀನದ ಆಕ್ರಮಣದ ಕಾಲದಲ್ಲಿ, ಅಂದಿನ ತುರ್ತು ಪರಿಸ್ಥಿತಿಗಾಗಿ, ೧೯೬೨ರಲ್ಲಿ ಗಾಯಾಳುಗಳ ಪರಿಹಾರದ ಶಾಸನವೊಂದು ಆಯಿತು. ಅದು ಎಣಿಸಿದುದು ಮುಖ್ಯವಾಗಿ ಎರಡು ವರ್ಗಗಳನ್ನು: ಸಂಪಾದನೆಯ ಉದ್ಯೋಗದಲ್ಲಿದ್ದು ಅದರಿಂದಲೇ ಜೀವಿಸುವವರು, ಮತ್ತು ನಾಗರಿಕ ರಕ್ಷಣೆಯ ಸ್ವಯಂಸೇವಕರು. ಉಳಿದವರನ್ನು ಸೇರಿಸುವುದು ಸರಕಾರದ ಇಚ್ಛೆಗೆ ಬಿಟ್ಟ ವಿಷಯ. ಹಾಗಾದರೆ ಉರಿಯುವ ನೆರೆಮನೆಗೆ ಕೊಡಪಾನ ಹೊತ್ತು ಓಡಿದ ಗೃಹಿಣಿಯ ಗತಿಯೇನು? ಆಕೆಗೆ ಸಂಬಳವಿಲ್ಲ, ಆದುದರಿಂದ ಆಕೆ ಉದ್ಯೋಗಿಯಲ್ಲ. ಪಟ್ಟಿಯಲ್ಲಿ ಹೆಸರಿಲ್ಲ, ಆದುದರಿಂದ ಸ್ವಯಂಸೇವಕಿಯೂ ಅಲ್ಲ. ಬಾಂಬಿಗೆ ಕಾಣಿಸಿದ ಆಕೆಯು ಶಾಸನಕ್ಕೆ ಕಾಣಿಸುವುದು ಕಷ್ಟ. ೧೯೬೮ರ ನಾಗರಿಕ ರಕ್ಷಣಾ ಕಾಯದೆಯು ಸ್ವಯಂಸೇವಕ ದಳವನ್ನು ಕಟ್ಟುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಕೊಟ್ಟಿದೆ. ೨೦೦೯ರ ತಿದ್ದುಪಡಿಯಿಂದ ನೆರೆ, ಬಿರುಗಾಳಿ ಮೊದಲಾದ ವಿಪತ್ತುಗಳೂ ಆ ದಳದ ಕಾರ್ಯಕ್ಕೆ ಸೇರಿವೆ. ಸಾಧನವು ಕೈಯಲ್ಲಿದೆ, ಉಪಯೋಗಿಸುವ ಮನಸ್ಸು ಬೇಕು.

ಇದಕ್ಕೆ ಎರಡು ಆಕ್ಷೇಪಗಳನ್ನು ನಾವು ಕೇಳಿದ್ದೇವೆ. ಹೆಂಗಸರು ಮನೆಯನ್ನು ನೋಡಿಕೊಂಡರೆ ಸಾಕೆಂಬುದು ಮೊದಲನೆಯದು. ವಾಯುರಕ್ಷಣೆಯೆಂದರೆ ಮನೆಯನ್ನು ನೋಡಿಕೊಳ್ಳುವುದಲ್ಲದೆ ಮತ್ತೇನು? ಎರಡನೆಯ ಆಕ್ಷೇಪವು ಹೆಚ್ಚು ವಿಚಾರಾರ್ಹವಾದುದು. ಸೇವೆಯ ಹೆಸರಿನಲ್ಲಿ ಸ್ತ್ರೀಯರಿಂದ ಬಿಟ್ಟಿ ಕೆಲಸ ತೆಗೆಯುವುದು ನಮ್ಮ ಸಮಾಜದ ಹಳೆಯ ಚಾಳಿ, ಇದೂ ಅದರಲ್ಲೊಂದಾಗದೇ? ಆಗಬಹುದು. ಆದುದರಿಂದಲೇ ಕರಾರು ಮೊದಲು, ಕೆಲಸ ಅನಂತರ ಎಂದು ನಾವು ಹೇಳುತ್ತೇವೆ. ಶಿಕ್ಷಣದ ದಿನ ಬೀಡಿ ಸುತ್ತುವವಳ ಕೂಲಿಯು ತಪ್ಪಿದರೆ ಅದನ್ನು ಸರಕಾರವು ತುಂಬಿಕೊಡಬೇಕು. ಗಾಯವಾದರೆ ಗಂಡಸಿಗೆಷ್ಟೋ ಅಷ್ಟೇ ಪರಿಹಾರವು ಆಕೆಗೂ ದೊರೆಯತಕ್ಕದ್ದೆಂದು ಹೆಸರು ಬರೆಸಿಕೊಳ್ಳುವ ಕಾಗದದಲ್ಲಿಯೇ ಬರೆದಿರಬೇಕು.

ಮುಂದೆ ಮಾಡತಕ್ಕ ಕೆಲಸವು ಕಷ್ಟದ್ದಲ್ಲ. ಜಿಲ್ಲಾಧಿಕಾರಿಗಳು ಸರಕಾರಕ್ಕೆ ಬರೆದು ಈ ಮೂರು ತಾಲೂಕುಗಳಲ್ಲಿ ನಾಗರಿಕ ರಕ್ಷಣಾ ದಳವನ್ನು ತೆರೆಯಿಸಲಿ. ವಾರ್ಡನರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಸ್ತ್ರೀಯರಿರಲಿ. ಮನೆಮನೆಯ ಲೆಕ್ಕವು ಆಶಾ ಮತ್ತು ಅಂಗನವಾಡಿಯ ಕಾರ್ಯಕರ್ತೆಯರ ಪುಸ್ತಕಗಳಲ್ಲಿ ಈಗಾಗಲೇ ಇದೆ. ಹಾಸಿಗೆ ಹಿಡಿದವರಾರು, ತುಂಬುಗರ್ಭಿಣಿಯಾರು ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಆದರೆ ಇದ್ದ ಭಾರದ ಮೇಲೆ ಇದನ್ನೂ ಅವರ ತಲೆಗೇ ಹೊರಿಸದೆ, ಸ್ವಸಹಾಯ ಸಂಘಗಳಿಂದ ಹೊಸಬರನ್ನು ಆರಿಸಬೇಕು. ಶಿಕ್ಷಣವು ಊರಿನ ಶಾಲೆಯಲ್ಲಿ, ಕುಂದಾಪುರದ ಆಡುಮಾತಿನಲ್ಲಿ, ನಾಟಿಯ ದಿನಗಳನ್ನೂ ಮೀನು ಏಲಮಿನ ಹೊತ್ತನ್ನೂ ಬಿಟ್ಟು ನಡೆಯಲಿ. ಏರಿಳಿಯುವ ಕೂಗು ಅಪಾಯದ್ದು, ಒಂದೇ ಸಮನೆಯ ಕೂಗು ಅಪಾಯ ಕಳೆದುದರದು, ಬೆಳಕು ಹೊರಬೀಳದಂತೆ ಕಿಟಕಿ ಮುಚ್ಚುವ ಬಗೆ, ಅಡಿಗೆ ಅನಿಲವನ್ನು ಮೊದಲು ನಿಲ್ಲಿಸುವುದು, ರಕ್ತ ಕಟ್ಟುವುದು, ಇಬ್ಬರು ಸೇರಿ ರೋಗಿಯನ್ನು ಹೊರುವುದು, ಬಾವಿಯ ನೀರಿನಿಂದ ಬೆಂಕಿಯನ್ನು ಎದುರಿಸುವುದು. ಇಷ್ಟನ್ನು ಕಲಿಯಲು ಕೆಲವು ದಿನಗಳು ಸಾಕು. ಆದರೆ ವರ್ಷಕ್ಕೆರಡು ಸಲವಾದರೂ ಅಭ್ಯಾಸವಾಗದಿದ್ದರೆ ಕಲಿತುದು ನಿಲ್ಲದು.

ಶಿಕ್ಷಣದೊಡನೆ ಅಧಿಕಾರವೂ ಇರಬೇಕು. ದೀಪವಾರಿಸಿರೆಂದು ವಾರ್ಡನರು ಹೇಳಿದರೆ ಹೋಟೆಲಿನ ಧಣಿಯೂ, ದೇವಸ್ಥಾನದ ಮೊಕ್ತೇಸರರೂ, ರಾತ್ರಿಯಿಡೀ ಆಟವಾಡಿಸುವ ಸೇವಾಕರ್ತರೂ ಮರುಮಾತಾಡದೆ ಆರಿಸಬೇಕು. ಹೇಳಿದವಳು ಮೀನು ಮಾರುವವಳೆಂಬ ಕಾರಣದಿಂದ ಆ ಮಾತು ಹಗುರವಾಗಕೂಡದು. ಈ ದಳವು ಯಾವ ಪಕ್ಷದ್ದೂ ಯಾವ ಜಾತಿಯದೂ ಆಗಬಾರದು. ಮೊಗವೀರ, ಖಾರ್ವಿ, ಬಿಲ್ಲವ, ಬಂಟ, ಬ್ರಾಹ್ಮಣ, ಮುಸಲ್ಮಾನ, ಕ್ರೈಸ್ತ, ದಲಿತ ಮನೆಗಳ ಸ್ತ್ರೀಯರು ಒಂದೇ ಸಾಲಿನಲ್ಲಿ ನಿಲ್ಲಲಿ.

ಯುದ್ಧವು ಬಾರದೆಯೇ ಹೋದರೆ ಈ ಶ್ರಮವೆಲ್ಲ ನಷ್ಟವೆಂದು ಯಾರೂ ಮರುಗಬೇಕಾದುದಿಲ್ಲ. ೨೦೨೩ರ ನವೆಂಬರಿನಲ್ಲಿ, ದೀಪಾವಳಿಯ ದಿನಗಳಲ್ಲಿ, ಗಂಗೊಳ್ಳಿಯ ಬಂದರಿನಲ್ಲಿ ದೋಣಿಗಳು ಸುಟ್ಟು ಬೂದಿಯಾದುದು ಶತ್ರುವಿನಿಂದಲ್ಲ. ಮಳೆಗಾಲದ ಕಡಲ್ಕೊರೆತಕ್ಕೂ ನೆರೆಗೂ ಯುದ್ಧ ಘೋಷಣೆಯು ಬೇಕಿಲ್ಲ. ಬಾಂಬಿಗಾಗಿ ಕಲಿತ ವಿದ್ಯೆಯು ಇವುಗಳಿಗೂ ಒದಗುವುದು.

ವೇದಿಕೆಯ ಮೇಲೆ ರಾಣಿ ಅಬ್ಬಕ್ಕನ ಹೆಸರನ್ನು ಹೇಳಿ ಚಪ್ಪಾಳೆ ಪಡೆಯುವುದು ಸುಲಭ. ಅಬ್ಬಕ್ಕನ ಕರಾವಳಿಯ ಸ್ತ್ರೀಗೆ ಒಂದು ಸೀಟಿ, ಒಂದು ಬಿಲ್ಲೆ, ಪಟ್ಟಿಯಲ್ಲೊಂದು ಹೆಸರು ಮತ್ತು ಸಮಾನ ಪರಿಹಾರದ ಲಿಖಿತ ವಚನವನ್ನು ಕೊಡುವುದು ಅದಕ್ಕಿಂತ ಹೆಚ್ಚಿನ ಕೆಲಸ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಹೊರಟವರ ಕಥೆಯನ್ನು ನಾವೆಲ್ಲ ಬಲ್ಲೆವು. ನಮ್ಮಲ್ಲಿ ಮನೆಗೊಂದು ಬಾವಿಯಿದೆ, ನೀರು ಸೇದುವ ಕೈಗಳೂ ಇವೆ. ಆ ಕೈಗಳನ್ನು ಸಿದ್ಧಗೊಳಿಸುವ ಭಾರವು ಜಿಲ್ಲೆಯ ಅಧಿಕಾರಿಗಳದು, ಪಂಚಾಯತುಗಳದು, ಮತ್ತು ಮನೆಯ ಹೆಂಗಸರನ್ನು ಕವಾಯತಿಗೆ ಕಳಿಸಲು ಹಿಂಜರಿಯುವ ನಮ್ಮೆಲ್ಲರದು. ಈ ಕಾರ್ಯವು ಶಾಂತಿಯ ಕಾಲದಲ್ಲಿಯೇ, ಬರುವ ಮಳೆಗಾಲಕ್ಕೆ ಮುಂಚೆಯೇ, ಆರಂಭವಾಗಬೇಕೆಂದು ಒತ್ತಾಯಪೂರ್ವಕವಾಗಿ ಸೂಚಿಸುತ್ತೇವೆ.