ಘಟ್ಟಕ್ಕೆ ಅಗಲಕ್ಕಿಂತ ಮೊದಲು ತಡೆಗೋಡೆ

ಶಿರಸಿಯವರಿಗೆ ದೇವಿಮನೆ, ಸಿದ್ದಾಪುರದವರಿಗೆ ದೊಡ್ಮನೆ, ಯಲ್ಲಾಪುರದವರಿಗೆ ಅರಬೈಲು. ಕಡಲು ಕಾಣಬೇಕೆಂದರೆ ಘಟ್ಟ ಇಳಿಯಲೇಬೇಕು. ಆಷಾಢದ ಮಂಜಿನಲ್ಲಿ ಎರಡನೇ ಗೇರಿನಲ್ಲಿ ಇಳಿಯುವಾಗ ಒಂದು ಬದಿಗೆ ನೀರು ಜಿನುಗುವ ಕೆಂಪು ಧರೆ, ಇನ್ನೊಂದು ಬದಿಗೆ ಮರಗಳ ನೆತ್ತಿ. ಈ ಚೆಲುವನ್ನು ನೋಡಲೆಂದೇ ದೂರದೂರುಗಳಿಂದ ಕಾರುಗಳು ಬರುತ್ತವೆ.

ದಾರಿ ಹುಟ್ಟಿದ್ದು ಮಾತ್ರ ವ್ಯಾಪಾರಕ್ಕೆ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ ಕಾಲದಲ್ಲಿ, ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿಗೆ ಮುಟ್ಟಿಸುವುದು ಬ್ರಿಟಿಷರ ಲೆಕ್ಕಾಚಾರವಾಗಿತ್ತು. ಚಕ್ಕಡಿಗಳು ಏರಿಳಿದ ಅರಬೈಲು ಘಟ್ಟದಲ್ಲಿ ಇಂದು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಭಾರಿ ಲಾರಿಗಳು ಹಗಲಿರುಳೂ ಓಡುತ್ತವೆ.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನ ವ್ಯಾಪಾರಿಗಳು ಲಾರಿಗೆ ಹಣ್ಣು, ತರಕಾರಿ ಹೇರಿ, ಅದರಲ್ಲೇ ಕೂತು ಕುಮಟಾ ಸಂತೆಗೆ ಹೊರಟಿದ್ದರು. ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ, ಇನ್ನೊಂದು ವಾಹನಕ್ಕೆ ದಾರಿ ಬಿಡಲು ಲಾರಿ ಎಡಕ್ಕೆ ಸರಿಯಿತು. ಅಲ್ಲಿ ತಡೆಗೋಡೆ ಇರಲಿಲ್ಲ. ಲಾರಿ ಕಂದಕಕ್ಕೆ ಉರುಳಿ 10 ಮಂದಿ ಸತ್ತರು. ಸಂತೆಯ ದುಡಿಮೆ ನಂಬಿದ ಮನೆಗಳು ಒಂದೇ ಬೆಳಗಿನಲ್ಲಿ ಆಸರೆ ಕಳೆದುಕೊಂಡವು.

ಇಂಥ ದುರಂತವಾದಾಗಲೆಲ್ಲ ರಸ್ತೆ ಅಗಲ ಮಾಡಿ ಎಂಬ ಕೂಗು ಏಳುತ್ತದೆ. ಆದರೆ ಅಗಲ ಮಾಡುವುದೆಂದರೆ ಘಟ್ಟದಲ್ಲಿ ಗುಡ್ಡದ ಬುಡ ಕಡಿಯುವುದು. ಬುಡ ಕಡಿದ ಧರೆಗೆ ಮಳೆನೀರು ಇಳಿದರೆ ಮೇಲಿನ ಮಣ್ಣಿಗೆ ಆಧಾರವೇ ಇರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಗಂಗಾವಳಿ ನದಿಯವರೆಗೂ ಜಾರಿದ್ದನ್ನು ಜಿಲ್ಲೆ ಕಣ್ಣಾರೆ ಕಂಡಿದೆ.

ಕಾಡಿನ ಮಾತೂ ಇದೆ. ಶಿರಸಿ, ಸಿದ್ದಾಪುರದ ಘಟ್ಟದ ಕಾಡು ಸಿಂಗಳೀಕಗಳ ನೆಲೆ. ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆ ಸಂರಕ್ಷಣಾ ಮೀಸಲಾಯಿತು. ಮರದಿಂದ ಮರಕ್ಕೆ ಹಾರಿ ಬದುಕುವ ಪ್ರಾಣಿಗೆ ರಸ್ತೆಯ ಮೇಲೆ ಕೂಡಿದ ಕೊಂಬೆಗಳೇ ದಾರಿ; ರಸ್ತೆ ಅಗಲವಾದರೆ ಆ ದಾರಿ ತುಂಡಾಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಕಂದಕದ ಬದಿಗೆ ಗಟ್ಟಿ ತಡೆಗೋಡೆ, ಕುರುಡು ತಿರುವುಗಳಿಗೆ ಕನ್ನಡಿ, ರಾತ್ರಿ ಹೊಳೆಯುವ ಫಲಕ, ಮಳೆಗೆ ಮೊದಲು ಚರಂಡಿಯ ಹೂಳೆತ್ತುವುದು. ಸರಕಿನ ಮೇಲೆ ಜನರನ್ನು ಕೂರಿಸುವುದು ನಿಲ್ಲಬೇಕಾದರೆ, ಸಂತೆಯ ದಿನ ಸವಣೂರು ಕಡೆಯಿಂದ ನಸುಕಿನ ಬಸ್ಸೂ ಇರಬೇಕು.

ಚಾಲಕರ ಪಾಲೂ ಇದೆ. ಇಕ್ಕಟ್ಟಿನ ಘಟ್ಟದಲ್ಲಿ ಇಳಿಯುವ ಗಾಡಿ ಬದಿಗೆ ನಿಂತು ಏರುವ ಗಾಡಿಗೆ ದಾರಿ ಬಿಡಬೇಕೆಂದು 2017ರ ವಾಹನ ಚಾಲನಾ ನಿಯಮವೇ ಹೇಳುತ್ತದೆ. ಈ ಮಾತನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಮೂರೂ ಘಟ್ಟಗಳ ತಲೆಯಲ್ಲಿ ನಿಲ್ಲಿಸಲು ದೊಡ್ಡ ಯೋಜನೆಯೇನೂ ಬೇಡ. ಮುಂದಿನ ಮುಂಗಾರಿನೊಳಗೆ ಆ ಕೆಲಸವಾದರೂ ಆಗಲಿ.