ಪುಕ್ಕಟೆ ಆಂಟಿವೈರಸ್‌ನ ಬಿಲ್ ಯಾರ ಹೆಸರಿಗೆ?

‘ಮನೆ ಕಂಪ್ಯೂಟರಿಗೆ ಯಾವ ಫ್ರೀ ಆಂಟಿವೈರಸ್ ಹಾಕ್ಲಿ?’ ಎಂಜಿನಿಯರಿಂಗ್ ಓದಿದ ತಪ್ಪಿಗೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನನ್ನ ಉತ್ತರ: ಯಾವುದೂ ಬೇಡ. ವಿಂಡೋಸ್ 11ರಲ್ಲಿ ಡಿಫೆಂಡರ್ ಮೊದಲೇ ಇದೆ. ಅದು ಆನ್ ಇರಲಿ, ಅಪ್‌ಡೇಟ್ ತಪ್ಪದಿರಲಿ, ಸಾಕು.

ಯಾಕಿಷ್ಟು ಅನುಮಾನ ಅಂದ್ರೆ, ಅವಾಸ್ಟ್ ಪ್ರಕರಣ. ಟ್ರ್ಯಾಕಿಂಗ್ ತಡೀತೀವಿ ಎಂದಿದ್ದ ಕಂಪನಿಯೇ ಬಳಕೆದಾರರ ಬ್ರೌಸಿಂಗ್ ವಿವರವನ್ನು ತನ್ನ ಅಂಗಸಂಸ್ಥೆ ಜಂಪ್‌ಶಾಟ್ ಮೂಲಕ 2014ರಿಂದ 2020ರವರೆಗೆ ನೂರಕ್ಕೂ ಹೆಚ್ಚು ಕಂಪನಿಗಳಿಗೆ ಮಾರಿತು. ಯಾರ ಧರ್ಮ ಯಾವುದು, ರಾಜಕೀಯ ಒಲವು ಎತ್ತ, ಕಾಯಿಲೆಯ ಚಿಂತೆ ಏನು ಎಂಬುದೆಲ್ಲ ಅದರಲ್ಲಿ ಬಯಲಾಗುವಂತಿತ್ತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಕ್ಕಿಸಿತು, ಅದೂ ಬಳಕೆದಾರರ ಪರಿಹಾರಕ್ಕೆಂದು.

ನಮ್ಮಲ್ಲಿ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡವೇನೋ ಇದೆ. ಆದರೆ ಆ ದುಡ್ಡು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಡೇಟಾ ಕಳ್ಕೊಂಡವರು ಪರಿಹಾರ ಕೇಳಲು ಐಟಿ ಕಾಯ್ದೆಯಲ್ಲಿ 43ಎ ಸೆಕ್ಷನ್ ಇತ್ತು. ಅದನ್ನು ಕಿತ್ತುಹಾಕಲು ಹೇಳಿರುವುದೂ ಇದೇ ಹೊಸ ಕಾಯ್ದೆ.

‘ಐ ಅಗ್ರೀ’ ಒತ್ತುವ ಮುಂಚೆ ಓದಿ, ಸರಿ. ಜೊತೆಗೆ, ವೋಟು ಕೇಳಲು ಮನೆಗೆ ಬಂದವರನ್ನು ಈ 43ಎ ಬಗ್ಗೆಯೂ ಒಂದ್ಮಾತು ಕೇಳಿ.