ಸರ್ಕಾರ ಕೊಟ್ಟದ್ದಲ್ಲ, ಗೌಡ ಬಿಟ್ಟದ್ದೂ ಅಲ್ಲ



ಮೊನ್ನೆ ಕಾಲೇಜೊಂದರ ಚರ್ಚಾಸ್ಪರ್ಧೆಗೆ ದೊಡ್ಡನೆಕ್ಕುಂದಿಯ ನಮ್ಮ ರೂಮಿನಿಂದ ನಾಲ್ಕು ಜನ ಹೋಗಿದ್ದೆವು. ಇಸ್ತ್ರಿ ಅಂಗಿಯ ಹುಡುಗನೊಬ್ಬ ಎದ್ದು ನಿಂತು, ಮನುಷ್ಯ ಹುಟ್ಟುತ್ತಲೇ ಜೀವ, ಸ್ವಾತಂತ್ರ್ಯ, ಆಸ್ತಿ ಎಂಬ ಮೂರು ಹಕ್ಕು ಹೊತ್ತು ಬರುತ್ತಾನೆ, ಅವನ್ನು ಕಾಯುವುದಷ್ಟೇ ಸರ್ಕಾರದ ಕೆಲಸ, ಮಿಕ್ಕದ್ದಕ್ಕೆ ಕೈ ಹಾಕಕೂಡದು ಅಂದ. ಚಪ್ಪಾಳೆ ಬಿತ್ತು. ನಾವೂ ತಟ್ಟಿದೆವು, ಸುಳ್ಳು ಯಾಕೆ ಹೇಳೋಣ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಮ್ಮಲ್ಲೊಬ್ಬ ಕೇಳಿದ: "ಅಲ್ಲ ಕಣ್ರೋ, ಹುಟ್ಟುತ್ತಲೇ ಆಸ್ತಿ ಹಕ್ಕು ಅಂದ್ನಲ್ಲ, ನಾನು ಹುಟ್ಟಿದಾಗ ನಮ್ಮಪ್ಪ ಇನ್ನೊಬ್ಬರ ಹೊಲದಲ್ಲಿ ಕೂಲಿಗಿದ್ನಲ್ಲೋ?" ಯಾರೂ ಉತ್ತರ ಕೊಡಲಿಲ್ಲ.

ಈ ಮಾತಿನ ಮೂಲಪುರುಷ ಇಂಗ್ಲೆಂಡಿನ ಜಾನ್ ಲಾಕ್. ಪೊಲಿಟಿಕಲ್ ಸೈನ್ಸ್ ತಗೊಂಡವರು ನೋಟ್ಸಿನಲ್ಲಿ ಬಾಯಿಪಾಠ ಮಾಡಿದ್ದೀರಿ. 1689ರಲ್ಲಿ ಹೊರಬಂದ ಪುಸ್ತಕದಲ್ಲಿ ಆತ ಹೇಳಿದ್ದು, ನೆಲದೊಳಕ್ಕೆ ತನ್ನ ದುಡಿಮೆ ಬೆರೆಸಿದವನದೇ ಆ ನೆಲ ಅಂತ. ಆಗಲಿ, ಒಪ್ಪಿದೆವು! ಹಾಗಾದರೆ ತಲೆತಲಾಂತರದಿಂದ ರಾಗಿ ಬಿತ್ತಿ, ಕಳೆ ಕಿತ್ತು, ಕೆರೆಯ ಹೂಳು ಹೊತ್ತ ನಮ್ಮ ಅಜ್ಜಿಯರ ಹೆಸರು ಪಹಣಿಯಲ್ಲಿ ಯಾಕಿಲ್ಲ? ಉತ್ತರ ಲಾಕನ ಜೀವನದಲ್ಲೇ ಇದೆ. ಅಮೆರಿಕದ ಕೆರೊಲಿನಾ ವಸಾಹತಿನ ಮಾಲೀಕರಿಗೆ ಆತ ಕಾರ್ಯದರ್ಶಿಯಾಗಿದ್ದಾಗ, 1669ರಲ್ಲಿ ತಯಾರಾದ ಶಾಸನ ಕಪ್ಪು ಗುಲಾಮರ ಮೇಲೆ ಯಜಮಾನನಿಗೆ ಪೂರ್ತಿ ಅಧಿಕಾರ ಬರೆದುಕೊಟ್ಟಿತ್ತು. ಗುಲಾಮರನ್ನು ಮಾರುತ್ತಿದ್ದ ಕಂಪನಿಯಲ್ಲಿ ಆತನ ಷೇರೂ ಇತ್ತು. ಹುಟ್ಟು ಹಕ್ಕು ಸರಿ, ಆದರೆ ಯಾರು ಹುಟ್ಟಿದರೆ?

ಹಾಗಂತ ಹಕ್ಕಿನ ಮಾತನ್ನೇ ತಿಪ್ಪೆಗೆ ಎಸೆಯುವ ಹಾಗಿಲ್ಲ. ಥಾಮಸ್ ಪೇನ್ ಮನುಷ್ಯನ ಹಕ್ಕುಗಳ ಮೇಲೆ ಬರೆದ ಪುಸ್ತಕ ಓದಿಯೇ ಪುಣೆಯ ಜ್ಯೋತಿಬಾ ಫುಲೆ ಕಣ್ಣು ತೆರೆದದ್ದು. ಮಹಾಡಿನ ಕೆರೆಯನ್ನು ಎಲ್ಲರಿಗೂ ಮುಕ್ತ ಅಂತ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಕಾಗದ ಮುಕ್ತ, ಕೆರೆ ಬಂದ್! 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಬೊಗಸೆ ನೀರು ಕುಡಿದರು. ಆಮೇಲೆ ಸವರ್ಣೀಯರು ಗಂಜಲ ಸುರಿದು ಆ ಕೆರೆಯನ್ನು ಶುದ್ಧಿ ಮಾಡಿಕೊಂಡರು. ಬಾಯಾರಿಕೆ ಯಾವ ಸರ್ಕಾರದ ಆದೇಶದಿಂದ ಹುಟ್ಟಿದ್ದಲ್ಲ. ಆದರೆ ಅಲ್ಲಿ ಅಡ್ಡ ನಿಂತು ಹೊಡೆದದ್ದು ಸರ್ಕಾರವೂ ಅಲ್ಲ, ಊರು. ಇಸ್ತ್ರಿ ಅಂಗಿಯ ಹುಡುಗನಿಗೆ ಸರ್ಕಾರ ಒಂದೇ ಭಯ. ನಮಗೆ ಊರಿನ ಗೌಡನೂ ಇದ್ದಾನೆ, ಫ್ಯಾಕ್ಟರಿಯ ಕಂಟ್ರಾಕ್ಟರನೂ ಇದ್ದಾನೆ.

ಇನ್ನು ಸರ್ಕಾರ. ನಮ್ಮಲ್ಲಿ ಕೆಲವರಿಗೆ ಸರ್ಕಾರವೇ ತಾಯಿ, ಸ್ಕಾಲರ್‌ಶಿಪ್ಪೂ ಅದರದೇ ಹಾಸ್ಟೆಲ್ಲೂ ಅದರದೇ, ಅದಕ್ಕೆ ಮಿತಿ ಹಾಕೋದು ಯಾಕೆ ಅನ್ನೋರಿದ್ದಾರೆ. ಅವರು ಸ್ನೇಹಲತಾ ರೆಡ್ಡಿಯವರ ಕತೆ ತಿಳಿಯಬೇಕು. ಸಂಸ್ಕಾರ ಸಿನಿಮಾದಲ್ಲಿ ನಟಿಸಿದ ಹೆಣ್ಣುಮಗಳು. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ಆಸ್ತಮಾ ಇತ್ತು. ಉಸಿರು ಪೂರ್ತಿ ಕೆಟ್ಟ ಮೇಲೆ ಪೆರೋಲ್ ಮೇಲೆ ಬಿಟ್ಟರು, ಕೆಲವೇ ದಿನದಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಅವರನ್ನು ಹಿಡಿಯುವುದಕ್ಕೆ ಸ್ವಲ್ಪ ಮುಂಚೆ, ಏಪ್ರಿಲ್ 28ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿನ ಬಾಗಿಲಿಲ್ಲ ಅಂದಿದ್ದರು. ಪೊಲೀಸಿನವನು ದ್ವೇಷಕ್ಕೆ ಒಬ್ಬನನ್ನು ಕೊಂದರೂ ಇಲ್ಲವೇ ಅಂತ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದ್ದಕ್ಕೆ, ಸರ್ಕಾರದ ವಕೀಲರು ಇಲ್ಲ ಅಂದರು. ಖನ್ನಾ ಒಬ್ಬರೇ ಬೇರೆ ತೀರ್ಪು ಬರೆದರು. ಮುಖ್ಯ ನ್ಯಾಯಮೂರ್ತಿ ಪಟ್ಟ ಕೈತಪ್ಪಿತು.

ಆ ತೀರ್ಪು ಹೋಗಲು 41 ವರ್ಷ ಬೇಕಾಯಿತು. ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿರುದ್ಧ ಹೂಡಿದ ಕೇಸಿನಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಜೀವವನ್ನೂ ಸ್ವಾತಂತ್ರ್ಯವನ್ನೂ ಸಂವಿಧಾನ ದಾನ ಕೊಟ್ಟದ್ದಲ್ಲ, ಅವು ಮೊದಲೇ ಮನುಷ್ಯನಲ್ಲಿದ್ದವು ಅಂತಲೂ ಬರೆದರು. ಚೆಂದದ ಮಾತು. ನಮ್ಮ ತಾತ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿ ನೆಲ ಕಳಕೊಂಡ, ನಾವು ಮಿಷನ್ನಿಗೆ ಹೆಬ್ಬೆಟ್ಟು ಒತ್ತಿ ರೇಷನ್ ಅಕ್ಕಿ ತರುತ್ತೇವೆ. ಡಿಗ್ರಿ ಮುಗಿಸಿದರೂ ಹೆಬ್ಬೆಟ್ಟು ಬಿಟ್ಟಿಲ್ಲ ನೋಡಿ.

ಈಗ ಕೆಲವರು ಬಾಬಾಸಾಹೇಬರನ್ನೇ ಎದುರಿಗೆ ತರುತ್ತಾರೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು, ಮೂಲಭೂತ ಹಕ್ಕುಗಳು ಕಾನೂನಿನ ಕೊಡುಗೆ, ಪ್ರಭುತ್ವ ಅವಕ್ಕೆ ಮಿತಿ ಹಾಕಬಹುದು ಅಂದದ್ದು ನಿಜ. ಮುಚ್ಚಿಡುವುದು ಬೇಡ. ಆದರೆ ಅದೇ ಮನುಷ್ಯ, ಸರ್ಕಾರ ಹಕ್ಕು ಮುರಿದರೆ ನೇರ ಸುಪ್ರೀಂ ಕೋರ್ಟಿಗೆ ಹೋಗುವ 32ನೇ ವಿಧಿಯನ್ನು ಸಂವಿಧಾನದ ಜೀವ ಅಂದರು. 17ನೇ ವಿಧಿ ನೋಡಿ, ಅದು ಕಟ್ಟಿಹಾಕುವುದು ಸರ್ಕಾರವನ್ನಷ್ಟೇ ಅಲ್ಲ, ಹೋಟೆಲಿನವನನ್ನೂ ಪೂಜಾರಿಯನ್ನೂ ಸಹ. 1947ರ ತಮ್ಮ ಮನವಿಯಲ್ಲಿ ಅವರು ಕೇಳಿದ್ದೇ ಇದನ್ನು: ಸರ್ಕಾರ ಕೈ ತೆಗೆದರೆ ಆ ಸ್ವಾತಂತ್ರ್ಯ ಯಾರಿಗೆ? ಗೇಣಿ ಏರಿಸುವ ಜಮೀನ್ದಾರನಿಗೆ, ಕೂಲಿ ಇಳಿಸುವ ಮಾಲೀಕನಿಗೆ. ಸರ್ಕಾರಕ್ಕೂ ಮೂಗುದಾರ ಬೇಕು, ಧಣಿಗೂ ಬೇಕು. ಒಂದೇ ಎತ್ತಿಗೆ ಹಾಕಿದರೆ ಗಾಡಿ ಹೊಲಕ್ಕೆ ಬೀಳುತ್ತೆ.

ನೆಲಕ್ಕೇ ಬರೋಣ. ದಲಿತರಿಗೆ ದರಖಾಸ್ತಿನಲ್ಲಿ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಕೂಡದು ಅಂತ ಕರ್ನಾಟಕದಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂದದ್ದು 1978ರಲ್ಲಿ. ಮಂಜೂರಾತಿಯ ಷರತ್ತು ಮುರಿದ ಹಳೆಯ ಕ್ರಯಗಳೂ ಅದರೊಳಗೆ ಬಂದವು. ಕೊಂಡವರು ಆಸ್ತಿ ಹಕ್ಕು, ಆಸ್ತಿ ಹಕ್ಕು ಅಂತ ಬೊಬ್ಬೆ ಹಾಕುತ್ತ ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಕೇಸಿನಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ನಮ್ಮಲ್ಲಿಯೇ ಒಬ್ಬ, "ನನ್ನ ಜಮೀನು, ನಾನು ಮಾರ್ಕೊಂಡ್ರೆ ಇವರಿಗೇನು?" ಅಂತ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಮಗಳ ಮದುವೆಗೆ, ಆಸ್ಪತ್ರೆಗೆ, ಸಾಲದ ಬಡ್ಡಿಗೆ ಮಾರಿದವನ ಒಪ್ಪಿಗೆಯನ್ನು ಒಪ್ಪಿಗೆ ಅನ್ನುವುದು ಹೇಗೆ? 2017ರಲ್ಲಿ ಸುಪ್ರೀಂ ಕೋರ್ಟು ಒಂದು ಕೇಸಿನಲ್ಲಿ ತೀರಾ ತಡವಾಗಿ ಬಂದ ಅರ್ಜಿ ನಿಲ್ಲುವುದಿಲ್ಲ ಅಂದಿತು, ಅದನ್ನೇ ಹಿಡಿದು ಎಷ್ಟೋ ಅರ್ಜಿಗಳು ಬಿದ್ದವು. 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು.

ಒಂದು ಕೈಯಲ್ಲಿ ಕಾಯುವ ಸರ್ಕಾರವೇ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ಆ ಕೈಯ ಹೆಸರು 1966ರ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಕಾಯ್ದೆ. ನಾವು ದಿನಾ ನಡೆದುಹೋಗುವ ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶ ಆ ಕಾಯ್ದೆಯ ಮಂಡಳಿಯದು. ಅತ್ತ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ವಿಮಾನ ಉದ್ಯಮಕ್ಕಂತ 13 ಹಳ್ಳಿಯ 1,777 ಎಕರೆಗೆ ಇದೇ ಕೈ ಚಾಚಿತ್ತು. ದಲಿತರೂ ಸೇರಿ ರೈತರು 2022ರಿಂದ ಧರಣಿ ಕೂತರು. 2025ರ ಜೂನ್ 25ರಂದು, ತುರ್ತು ಪರಿಸ್ಥಿತಿಗೆ ಸರಿಯಾಗಿ 50 ವರ್ಷ ತುಂಬಿದ ದಿನವೇ, ದೇವನಹಳ್ಳಿ ಚಲೋಗೆ ಬಂದವರನ್ನು ಪೊಲೀಸರು ಎತ್ತಿ ವ್ಯಾನಿಗೆ ತುಂಬಿದರು. ಧರಣಿ ಫ್ರೀಡಂ ಪಾರ್ಕಿಗೆ ಬಂತು. ಫ್ರೀಡಂ ಪಾರ್ಕ್ ಅಂದರೆ ಯಾವುದು ಗೊತ್ತಲ್ಲ? ಸ್ನೇಹಲತಾ ಉಸಿರು ಕಳೆದುಕೊಂಡ ಅದೇ ಸೆಂಟ್ರಲ್ ಜೈಲಿನ ಜಾಗ. 2021ರ ಪೊಲೀಸ್ ಆದೇಶದಂತೆ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಜಾಗ ಅದೊಂದೇ. ಜುಲೈ 15ರಂದು ಮುಖ್ಯಮಂತ್ರಿಗಳು ಆ ಸ್ವಾಧೀನ ಕೈಬಿಟ್ಟೆವು ಅಂದರು. ಹೆಂಗಸರು ಅಷ್ಟು ವರ್ಷ ಬಿಸಿಲಲ್ಲಿ ಕೂರದಿದ್ದರೆ ಯಾವ ವಿಧಿಯೂ ತಾನಾಗಿ ಎದ್ದು ಬರುತ್ತಿರಲಿಲ್ಲ.

ನಮ್ಮ ರೂಮಿನವನೊಬ್ಬನ ತಾತನಿಗೆ ಮಂಜೂರಾಗಿದ್ದ ಎರಡು ಎಕರೆ ಈಗ ಲೇಔಟು. ಅವನು ಅಸಿಸ್ಟೆಂಟ್ ಕಮಿಷನರಿಗೆ ಅರ್ಜಿ ಹಾಕಲು ಕೂತಿದ್ದಾನೆ. ಮಂಜೂರಾತಿ ಪ್ರತಿ ಸಿಕ್ಕಿಲ್ಲ, ಸಾಗುವಳಿ ಚೀಟಿಯ ಅರ್ಧ ಮಾತ್ರ ಇದೆ, ಮಿಕ್ಕದ್ದು ಗೆದ್ದಲು ತಿಂದಿದೆ. ಈ ಹಬ್ಬಕ್ಕೆ ಊರಿಗೆ ಹೋಗುವವರು ಮನೆಯ ಟ್ರಂಕಿನ ತಳ ಒಮ್ಮೆ ನೋಡಿ. ಹಳೇ ಪಹಣಿ, ಕಂದಾಯ ರಸೀತಿ, ಹೆಬ್ಬೆಟ್ಟಿನ ಕ್ರಯಪತ್ರ, ಏನಿದ್ದರೂ ಜೆರಾಕ್ಸ್ ಮಾಡಿಸಿ ತನ್ನಿ. ಭಾನುವಾರ ಸಂಜೆ ರೂಮಿನಲ್ಲಿ ಇರುತ್ತೇವೆ.